ಹಣ್ಣುನೊಣದ ವೈ ವರ್ಣತಂತು

ಉತ್ತರಹಳ್ಳಿಯ ಹಣ್ಣಿನಂಗಡಿಗಳಲ್ಲಿ ಕಳಿತ ಬಾಳೆಹಣ್ಣಿನ ಸುತ್ತ ಸುಳಿದಾಡುವ ಪುಟ್ಟ ನೊಣಗಳನ್ನು ನಾವೆಲ್ಲರೂ ನೋಡಿರುವೆವಷ್ಟೆ. ನಾವು ಕೈಬೀಸಿ ಓಡಿಸುವ ಈ ಡ್ರೊಸೊಫಿಲಾ ನೊಣವನ್ನೇ ವಿಜ್ಞಾನಿಗಳು ಸೀಸೆಗಳಲ್ಲಿ ಸಾಕಿ ಆನುವಂಶಿಕತೆಯ ಗುಟ್ಟುಗಳನ್ನು ಬಿಡಿಸಿದರು.

ಈ ನೊಣದಲ್ಲಿಯೂ ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಮತ್ತು ಒಂದು ವೈ ವರ್ಣತಂತು. ವೈ ಇಲ್ಲದೆ ಒಂದೇ ಎಕ್ಸ್ ಇದ್ದರೂ ನೊಣ ಗಂಡಾಗಿಯೇ ಬೆಳೆಯುತ್ತದೆ. ಆದರೆ ಅದಕ್ಕೆ ಸಂತಾನವಿಲ್ಲ. ವೈಯಲ್ಲಿ ಜೀನುಗಳು ಬಹು ವಿರಳ. ಅದರ ಹೆಚ್ಚಿನ ಭಾಗ ಬಿಗಿಯಾಗಿ ಸುತ್ತಿಕೊಂಡ, ಬಣ್ಣವನ್ನು ಗಾಢವಾಗಿ ಹೀರುವ ದ್ರವ್ಯ. ಇಂಥ ದ್ರವ್ಯಕ್ಕೆ 1928ರಲ್ಲಿ ಹೈಟ್ಸ್ ಎಂಬ ಜರ್ಮನ್ ವಿದ್ವಾಂಸನು ಹೆಟೆರೊಕ್ರೊಮ್ಯಾಟಿನ್ ಎಂದು ಹೆಸರಿಟ್ಟನು. ಅದು ಕೆಲಸಕ್ಕೆ ಬಾರದ ಹೊರೆಯೆಂದು ಬಹುಕಾಲ ನಂಬಿದ್ದರು. ಈ ನಂಬಿಕೆ ಅವಸರದ್ದೆಂದು ನನಗನಿಸುತ್ತದೆ.

1930ರಲ್ಲಿ ಮುಲ್ಲರ್ ಎಂಬಾತನು ಕ್ಷಕಿರಣಗಳಿಗೆ ಒಡ್ಡಿದ ನೊಣಗಳ ಸಂತತಿಯಲ್ಲಿ ಒಂದು ವಿಚಿತ್ರವನ್ನು ವರ್ಣಿಸಿದನು. ಕಣ್ಣಿಗೆ ಕೆಂಪು ಕೊಡುವ ಜೀನು ತನ್ನ ಸ್ಥಾನದಿಂದ ಸರಿದು ಹೆಟೆರೊಕ್ರೊಮ್ಯಾಟಿನ್ನಿನ ನೆರೆಗೆ ಬಂದರೆ, ಸುಣ್ಣದ ಗೋಡೆಗೆ ಕೆಮ್ಮಣ್ಣು ಎರಚಿದಂತೆ ಕಣ್ಣು ಚುಕ್ಕೆಚುಕ್ಕೆಯಾಗುತ್ತದೆ. ಜೀನು ಕೆಟ್ಟಿಲ್ಲ, ಕೆಲವು ಕೋಶಗಳಲ್ಲಿ ಸುಮ್ಮನಾಗಿದೆ, ಅಷ್ಟೆ. ಇನ್ನೂ ಸೋಜಿಗವೆಂದರೆ, ಅಂಥ ನೊಣಕ್ಕೆ ವೈ ಒಂದು ಹೆಚ್ಚಾದರೆ ಕೆಂಪು ಹೆಚ್ಚುತ್ತದೆ. ವೈ ಇಲ್ಲವಾದರೆ ಬಿಳಿ ಹೆಚ್ಚುತ್ತದೆ. ಆ ಜೀನನ್ನು ಮುಟ್ಟದೆಯೇ ವೈ ಇದನ್ನು ಸಾಧಿಸುವುದು ಹೇಗೆ? ವರ್ಣತಂತುವನ್ನು ಬಿಗಿಯುವ ಪ್ರೋಟೀನುಗಳ ಮೊತ್ತ ಮಿತವಾದುದು. ಮದುವೆಮನೆಯಲ್ಲಿ ದೊಡ್ಡ ಬಳಗವೊಂದು ಮೊದಲೇ ಪಂಕ್ತಿಗೆ ಕುಳಿತರೆ ಉಳಿದವರಿಗೆ ಪಾಯಸ ಸಾಲದಷ್ಟೆ. ಹಾಗೆಯೇ ವೈ ಆ ಪ್ರೋಟೀನುಗಳನ್ನು ಸೆಳೆದುಕೊಂಡು, ಬೇರೆಡೆಯ ಜೀನಿನ ಬಿಗಿತ ಸಡಿಲವಾಗುತ್ತದೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ.

ಇದಕ್ಕೆ ಹತ್ತಿರದ ಕಥೆಯೊಂದು ನಮ್ಮ ಮೈಸೂರಿನಲ್ಲಿಯೇ ಇದೆ. ಮಾನಸಗಂಗೋತ್ರಿಯಲ್ಲಿ ಪ್ರೊ. ಎಚ್. ಎ. ರಂಗನಾಥ್ ಮತ್ತು ಸಂಗಡಿಗರು ನಾಸುಟಾ, ಆಲ್ಬೊಮಿಕನ್ಸ್ ಎಂಬ ಎರಡು ಬಂಧು ನೊಣಗಳನ್ನು ಅಭ್ಯಸಿಸಿದರು. ಮೊದಲನೆಯದಕ್ಕೆ 8 ವರ್ಣತಂತುಗಳು, ಎರಡನೆಯದಕ್ಕೆ 6. ಆಲ್ಬೊಮಿಕನ್ಸ್‌ನಲ್ಲಿ ಮೂರನೆಯ ವರ್ಣತಂತು ಎಕ್ಸ್ ಹಾಗೂ ವೈಗಳೊಡನೆ ಬೆಸೆದುಕೊಂಡಿದೆ. ಆದರೂ ಇವೆರಡೂ ಕೂಡಿ ಸಂತಾನ ಪಡೆಯುತ್ತವೆ! ಆ ಮಿಶ್ರಸಂತತಿಯಿಂದ ಹೊಸ ವರ್ಣತಂತು ಜೋಡಣೆಯ ತಳಿಗಳೇ ಪ್ರಯೋಗಶಾಲೆಯಲ್ಲಿ ಹುಟ್ಟಿದವು.

ವೈಗೆ ಬೆಸೆದ ಆ ತುಂಡು ತಂದೆಯಿಂದ ಮಗನಿಗೆ ಮಾತ್ರ ಹೋಗುತ್ತದೆ. ಗಂಡುನೊಣದಲ್ಲಿ ವರ್ಣತಂತುಗಳ ಭಾಗವಿನಿಮಯ ನಡೆಯದ ಕಾರಣ ಬೇರೆ ತಂತುವಿನೊಡನೆ ಬೆರೆಯುವುದೂ ಇಲ್ಲ. ಅದರ ಜೀನುಗಳು ಕೆಡುವುದಕ್ಕೆ ಮೊದಲೇ ಮೌನವಾಗತೊಡಗುತ್ತವೆಂದು 2012ರಲ್ಲಿ ಝೌ ಮತ್ತು ಬಾಕ್ಟ್ರೋಗ್ ತೋರಿಸಿದರು. ನಾಸುಟಾದಲ್ಲಿ ಅದೇ ಮೂರನೆಯ ವರ್ಣತಂತು ಇನ್ನೂ ಬಿಡಿಯಾಗಿ ಉಳಿದಿರುವುದರಿಂದ, ಬೆಸೆಯುವ ಮೊದಲು ಅದು ಹೇಗಿತ್ತೆಂಬುದನ್ನು ಪಕ್ಕದಲ್ಲಿಟ್ಟು ಹೋಲಿಸಬಹುದು.