ಒಂದು ತಾಸಿನ ಅವಸರಕ್ಕೆ ಎಷ್ಟು ರೂಪಾಯಿ?

ನವಲಗುಂದದಲ್ಲಾಗಲಿ ಕುಂದಗೋಳದಲ್ಲಾಗಲಿ, ಮನೆಗೆ ಹೊಸ ಕಾರು ಬಂದರೆ ಗಾಲಿಯಡಿಯ ನಿಂಬೆಹಣ್ಣು ಒಡೆಯುವ ಮುಂಚೆಯೇ ಕೇಳಿಬರುವ ಪ್ರಶ್ನೆ ಒಂದೇ: ‘ಅವರೇಜ್ ಎಷ್ಟ ಕೊಡತೈತಿ?’ ಶೋರೂಮಿನವರು ಹೇಳಿದ ಅಂಕಿ ಒಂದು, ಅದೇ ಗಾಡಿ ಓಡಿಸುವ ಪಕ್ಕದ ಓಣಿಯವರು ಹೇಳುವ ಅಂಕಿ ಇನ್ನೊಂದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಯಾವ ವೇಗದಲ್ಲಿ ಅಷ್ಟು ಬಂತು ಎನ್ನುವುದನ್ನು ಮಾತ್ರ ಇಬ್ಬರೂ ಹೇಳುವುದಿಲ್ಲ. ಕಂಪನಿಯ ಅಂಕಿ ಹುಟ್ಟುವುದು ರಸ್ತೆಯ ಮೇಲಲ್ಲ, ಪರೀಕ್ಷಾ ಕೇಂದ್ರದ ರೋಲರ್ ಮೇಲೆ. ಇಪ್ಪತ್ತು ನಿಮಿಷವೂ ತುಂಬದ ಆ ಪರೀಕ್ಷೆಯಲ್ಲಿ ಗಾಡಿಯ ಸರಾಸರಿ ವೇಗ ಗಂಟೆಗೆ ಸುಮಾರು 32 ಕಿಲೋಮೀಟರ್. ಅತಿ ಹೆಚ್ಚೆಂದರೆ 90, ಅದೂ ಕ್ಷಣಮಾತ್ರ. ಅಣ್ಣಿಗೇರಿಯ ಚತುಷ್ಪಥದಲ್ಲಿ ನೂರರ ಮೇಲೆ ಹೋಗುವವರಿಗೆ ಆ ಅಂಕಿ ದಕ್ಕುವುದು ಹೇಗೆ? ಕಾರಿಗೆ ಒಂದೇ ಮೈಲೇಜ್ ಎಂಬುದಿಲ್ಲ, ವೇಗಕ್ಕೊಂದು ಮೈಲೇಜ್ ಇದೆ. ಅದನ್ನು ಮನೆಯಲ್ಲೇ ಅಳೆಯಬಹುದು, ಅಳೆದದ್ದನ್ನು ರೂಪಾಯಿಗೆ ತಿರುಗಿಸಬಹುದು. ಹಾಗೆ ತಿರುಗಿಸಿದಾಗ, ನಾವು ಉಳಿಸಿದೆವು ಎಂದುಕೊಳ್ಳುವ ಸಮಯಕ್ಕೆ ಎಷ್ಟು ದರ ಕೊಡುತ್ತಿದ್ದೇವೆ ಎಂಬುದು ಲೆಕ್ಕಕ್ಕೆ ಸಿಗುತ್ತದೆ.

ಮೊದಲು ಕಾರಣ ನೋಡೋಣ. ಸಮತಟ್ಟು ರಸ್ತೆಯಲ್ಲಿ ಕಾರು ಮುಖ್ಯವಾಗಿ ಎದುರಿಸುವುದು ಎರಡು ತಡೆಗಳನ್ನು. ಟೈರು ರಸ್ತೆಯನ್ನು ಒತ್ತಿ ಉರುಳುವಾಗ ಹುಟ್ಟುವ ತಡೆ ವೇಗ ಏರಿದರೂ ಹೆಚ್ಚೇನೂ ಏರುವುದಿಲ್ಲ. ಗಾಳಿಯ ತಡೆ ಹಾಗಲ್ಲ, ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 60ರ ವೇಗದಲ್ಲಿ ಗಾಳಿಯ ತಡೆ ಒಂದು ಪಾಲು ಎಂದರೆ 80ರಲ್ಲಿ ಅದು ಸುಮಾರು ಒಂದೂ ಮುಕ್ಕಾಲು ಪಾಲು, 100ರಲ್ಲಿ ಹತ್ತಿರಹತ್ತಿರ ಎರಡೂ ಮುಕ್ಕಾಲು ಪಾಲು. ಎದುರುಗಾಳಿಗೆ ಸೈಕಲ್ ತುಳಿದ ಕಾಲುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಂತ ನಿಧಾನವಾದಷ್ಟೂ ಉಳಿತಾಯ ಎಂದೂ ತಿಳಿಯಬಾರದು. ಎಂಜಿನ್ ತಾನು ತಿರುಗುವುದಕ್ಕೆ, ಎಸಿ ನಡೆಸುವುದಕ್ಕೆ ಪ್ರತಿ ನಿಮಿಷಕ್ಕೆ ಇಷ್ಟು ಎಂದು ಎಣ್ಣೆ ತಿನ್ನುತ್ತದೆ. ಎರಡನೇ, ಮೂರನೇ ಗೇರಿನಲ್ಲಿ ತೆವಳಿದರೆ ಆ ಖರ್ಚು ಕಡಿಮೆ ಕಿಲೋಮೀಟರಿಗೆ ಹಂಚಿಹೋಗಿ ಭಾರವಾಗುತ್ತದೆ. ಆದ್ದರಿಂದ ಮೈಲೇಜ್ ಒಂದು ವೇಗದವರೆಗೆ ಏರಿ, ಆಮೇಲೆ ಇಳಿಯುತ್ತದೆ. ಸಣ್ಣ ಕಾರುಗಳಲ್ಲಿ ಆ ಏರು ಸಾಮಾನ್ಯವಾಗಿ 50ರಿಂದ 65ರ ನಡುವೆ, ಟಾಪ್ ಗೇರಿನಲ್ಲಿ ಸಿಗುತ್ತದೆ. ಕೇಂದ್ರ ಸರ್ಕಾರದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ 45ರಿಂದ 55ರ ವೇಗವನ್ನು ಬಹುಕಾಲದಿಂದ ಸಲಹೆ ಮಾಡುತ್ತಿರುವುದೂ ಇದೇ ಕಾರಣಕ್ಕೆ.

ಈಗ ರೊಕ್ಕದ ಮಾತು. ಹುಬ್ಬಳ್ಳಿಯಿಂದ ನವಲಗುಂದಕ್ಕಾಗಲಿ ಅಣ್ಣಿಗೇರಿಗಾಗಲಿ ದೂರ ಹೆಚ್ಚುಕಡಿಮೆ 36 ಕಿಲೋಮೀಟರ್ ಎನ್ನೋಣ. ಲೆಕ್ಕ ಹಗುರಾಗಲೆಂದು ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎಂದೂ, ಒಂದು ಸಣ್ಣ ಕಾರು 60ರಲ್ಲಿ 20, 80ರಲ್ಲಿ 17, 100ರಲ್ಲಿ 14 ಕಿಲೋಮೀಟರ್ ಕೊಡುತ್ತದೆ ಎಂದೂ ಹಿಡಿಯೋಣ. ನಿಮ್ಮ ಗಾಡಿಯ ಅಂಕಿ ಬೇರೆ ಇರಬಹುದು, ಲೆಕ್ಕದ ದಾರಿ ಇದೇ. 60ರಲ್ಲಿ 36 ನಿಮಿಷ, 180 ರೂಪಾಯಿ. 80ರಲ್ಲಿ 27 ನಿಮಿಷ, 212 ರೂಪಾಯಿ. ಒಂಬತ್ತು ನಿಮಿಷ ಉಳಿಯಿತು, 32 ರೂಪಾಯಿ ಹೋಯಿತು. ತಾಸಿಗೆ ಸುಮಾರು 210 ರೂಪಾಯಿಯ ದರ. 80ರಿಂದ 100ಕ್ಕೆ ಏರಿಸಿದರೆ ಸಮಯ ಇನ್ನು ಐದೂವರೆ ನಿಮಿಷವಷ್ಟೇ ಇಳಿಯುತ್ತದೆ, ಖರ್ಚು 257 ರೂಪಾಯಿಗೆ ಏರುತ್ತದೆ. ಈ ಐದೂವರೆ ನಿಮಿಷವನ್ನು ತಾಸಿನ ಲೆಕ್ಕಕ್ಕೆ ತಂದರೆ ದರ 500 ರೂಪಾಯಿ! 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ದಿನಗೂಲಿ 370 ರೂಪಾಯಿ ಇತ್ತು. ದಿನವಿಡೀ ಬದು ಹಾಕಿದವರ ಕೂಲಿಗಿಂತ ಹೆಚ್ಚಿನ ಹಣವನ್ನು ಒಂದು ತಾಸಿನ ಅವಸರಕ್ಕೆ ಕೊಡುತ್ತಿದ್ದೇವೆ ಎಂದಾಯಿತು. ವೇಗ ಏರಿದಂತೆ ಉಳಿಯುವ ನಿಮಿಷ ಕಡಿಮೆಯಾಗುತ್ತದೆ, ಒಂದೊಂದು ನಿಮಿಷದ ಬೆಲೆ ಹೆಚ್ಚಾಗುತ್ತದೆ. ನನ್ನ ವಾದದ ತಿರುಳು ಇಷ್ಟೇ.

ಇದನ್ನು ನಂಬಬೇಕಿಲ್ಲ, ಅಳೆಯಬೇಕು. ನಾನು ಪಾಲಿಸುವ ಕ್ರಮದಲ್ಲಿ ಬೇಕಾಗುವುದು ಒಂದು ನೋಟ್‌ಬುಕ್ಕು ಮತ್ತು ತಾಳ್ಮೆ. ಒಂದೇ ಪಂಪಿನಲ್ಲಿ, ಅದೇ ಜಾಗದಲ್ಲಿ ಗಾಡಿ ನಿಲ್ಲಿಸಿ, ಪೈಪು ತಾನಾಗಿ ಕಟ್ ಆಗುವವರೆಗೆ ಮಾತ್ರ ಎಣ್ಣೆ ಹಾಕಿಸಬೇಕು. ಚಿಲ್ಲರೆ ತೊಂದರೆ ಬೇಡವೆಂದು ಪಂಪಿನ ಹುಡುಗ ರೌಂಡ್ ಫಿಗರಿಗೆ ಒತ್ತಲು ಹೊರಟರೆ ಅಲ್ಲೇ ತಡೆಯಬೇಕು, ಏಕೆಂದರೆ ಲೆಕ್ಕ ಕೆಡುವುದು ಅಲ್ಲೇ. ತುಂಬುವುದರಲ್ಲಿ ಅರ್ಧ ಲೀಟರ್ ಹೆಚ್ಚುಕಡಿಮೆಯಾದರೆ ಹತ್ತು ಲೀಟರಿನ ಅಳತೆಯಲ್ಲಿ ಅದು ಶೇ 5ರ ತಪ್ಪು, 30 ಲೀಟರಿನಲ್ಲಿ ಶೇ 2ಕ್ಕಿಂತ ಕಡಿಮೆ. ಹಾಗಾಗಿ ಟ್ಯಾಂಕು ಬಹುಪಾಲು ಖಾಲಿಯಾಗುವವರೆಗೆ ಒಂದೇ ವೇಗದ ಶಿಸ್ತು ಇಟ್ಟುಕೊಂಡು, ಆಮೇಲೆ ಇನ್ನೊಂದು ವೇಗಕ್ಕೆ ಹೋಗುವುದು ಒಳ್ಳೆಯದು. ಸ್ಪೀಡೋಮೀಟರನ್ನು ಪೂರ್ತಿ ನಂಬಬೇಡಿ: ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ, ತುಸು ಹೆಚ್ಚು ತೋರಿಸಬಹುದು ಎಂದು ನಿಯಮವೇ ಹೇಳುತ್ತದೆ. ಫೋನಿನ ಜಿಪಿಎಸ್ ಜೊತೆ ಒಮ್ಮೆ ತಾಳೆ ನೋಡಿ. ಟೈರಿನ ಗಾಳಿ ಎರಡೂ ಸಲ ಒಂದೇ ಇರಲಿ. ಹಳೆಯ ವರ್ಷಗಳ ಲೆಕ್ಕವನ್ನು ಈಗಿನದಕ್ಕೆ ಹೋಲಿಸಲು ಹೋಗಬೇಡಿ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇದೆ, ಲೀಟರಿಗೆ ಲೀಟರ್ ಹಿಡಿದರೆ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಡ್ಯಾಶ್‌ಬೋರ್ಡೇ ಮೈಲೇಜ್ ತೋರಿಸುತ್ತದಲ್ಲ ಎನ್ನುವವರಿದ್ದಾರೆ. ಅದೂ ಅಂದಾಜೇ, ಒಂದು ವೇಗಕ್ಕೂ ಇನ್ನೊಂದಕ್ಕೂ ಇರುವ ಅಂತರ ನೋಡಲು ಸಾಕು, ಹಣದ ಲೆಕ್ಕಕ್ಕೆ ಪಂಪಿನ ಚೀಟಿಯೇ ಗಟ್ಟಿ.

ನಮ್ಮ ಧಾರವಾಡ ಜಿಲ್ಲೆಯಲ್ಲಿ ಅಳೆಯುವವರು ಇನ್ನೆರಡು ಸಂಗತಿ ಗಮನಿಸಬೇಕು, ಗಾಳಿ ಮತ್ತು ಇಳಿಜಾರು. ಮುಂಗಾರಿನಲ್ಲಿ ಈ ಎರೆಭೂಮಿಯ ಬಯಲಿನ ಮೇಲೆ ಪಡುವಣ ಗಾಳಿ ತಡೆಯಿಲ್ಲದೆ ಬೀಸುತ್ತದೆ. ಹುಬ್ಬಳ್ಳಿಯಿಂದ ಅಣ್ಣಿಗೇರಿಯತ್ತ ಮೂಡಲಕ್ಕೆ ಹೋಗುವಾಗ ಅದು ಬೆನ್ನಿಗೆ, ಬರುವಾಗ ಎದೆಗೆ. ಗಂಟೆಗೆ 20 ಕಿಲೋಮೀಟರಿನ ಎದುರುಗಾಳಿ ಇದ್ದರೆ 60ರಲ್ಲಿ ಹೋಗುವ ಕಾರು ಗಾಳಿಯ ಲೆಕ್ಕದಲ್ಲಿ 80ರಲ್ಲಿದೆ. ಹೋಗುವಾಗಿನ ಲಾಭ ಬರುವಾಗಿನ ನಷ್ಟಕ್ಕೆ ವಜಾ ಆಗುತ್ತದೆ ಎನ್ನುವಂತೆಯೂ ಇಲ್ಲ. ವರ್ಗದ ಲೆಕ್ಕವಾದ್ದರಿಂದ ಎರಡೂ ಸೇರಿ ಗಾಳಿಯ ತಡೆ ಶೇ 11ರಷ್ಟು ಹೆಚ್ಚೇ ಆಗುತ್ತದೆ. ನವಲಗುಂದದ ದಾರಿಯಲ್ಲಿ ಕಣ್ಣಿಗೆ ಕಾಣದ ಇಳಿಜಾರಿದೆ. ಬೆಣ್ಣಿಹಳ್ಳ ಮಲಪ್ರಭೆಯ ಕಡೆ ಹರಿಯುವುದೇ ಅದಕ್ಕೆ ಸಾಕ್ಷಿ. ಆದ್ದರಿಂದ ಹೋಗುವುದು ಬರುವುದು ಎರಡೂ ಸೇರಿದ ಅಳತೆಯೇ ಅಳತೆ. ಒಂದು ದಿಕ್ಕಿನ ಅಂಕಿ ಹಿಡಿದು ‘ನನ್ನ ಗಾಡಿ 25 ಕೊಡತೈತಿ’ ಎಂದು ಕಟ್ಟೆಯ ಮೇಲೆ ಹೇಳಿಕೊಳ್ಳಬಹುದು, ಮನೆಯ ಖರ್ಚಿಗೆ ಅದು ಉಪಯೋಗವಿಲ್ಲ.

ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪ, ಸಮಯಕ್ಕೂ ಬೆಲೆ ಇದೆ ಎನ್ನುವುದು. ಇದೆ, ಒಪ್ಪಿದೆ. ಹೆರಿಗೆ ನೋವಿನವರನ್ನು ಆಸ್ಪತ್ರೆಗೆ ಒಯ್ಯುವವರು ಪೆಟ್ರೋಲಿನ ಲೆಕ್ಕ ಹಾಕಬಾರದು. ಎಪಿಎಂಸಿಯಲ್ಲಿ ಹೆಸರುಕಾಳಿನ ಟೆಂಡರ್ ಮುಗಿಯುವ ಮುಂಚೆ ಮುಟ್ಟಬೇಕಾದವರಿಗೆ ತಾಸಿಗೆ 500 ಕೊಟ್ಟರೂ ಗಿಟ್ಟೀತು. ಆದರೆ ಉಳಿದ ಐದು ನಿಮಿಷ ಚಹಾದಂಗಡಿಯ ಮುಂದೆ ಕರಗುವುದಾದರೆ ಆ ದರ ಕೊಟ್ಟದ್ದು ಯಾತಕ್ಕೆ? ಎರಡನೆಯ ಆಕ್ಷೇಪ ಡೀಸೆಲ್ ಗಾಡಿಯವರದು: ನಮ್ಮ ಎಂಜಿನ್ 90ಕ್ಕೇ ಹದ. ಗೇರು, ಎಂಜಿನ್ ಬದಲಾದರೆ ಒಳ್ಳೆಯ ಮೈಲೇಜಿನ ವೇಗ ಕೊಂಚ ಆಚೀಚೆ ಸರಿಯುವುದು ನಿಜ. ಆದರೆ ಟ್ಯಾಂಕಿನಲ್ಲಿರುವುದು ಡೀಸೆಲ್ಲೋ ಪೆಟ್ರೋಲೋ ಎಂದು ಗಾಳಿ ಕೇಳುವುದಿಲ್ಲ, ಎತ್ತರದ ಎಸ್‌ಯುವಿಗೆ ಅದು ಇನ್ನೂ ಜೋರಾಗಿ ಎದುರಾಗುತ್ತದೆ. ಮೂರನೆಯದು, ನಮ್ಮ ರಸ್ತೆಯಲ್ಲಿ ಒಂದೇ ವೇಗ ಹಿಡಿಯುವುದಾದರೂ ಎಲ್ಲಿ ಎಂಬ ಪ್ರಶ್ನೆ. ಕುಸುಗಲ್ಲಿನಂಥ ಊರು ಬಂದರೆ ಹಂಪು, ಸುಗ್ಗಿಯಲ್ಲಿ ರಸ್ತೆಯ ಮೇಲೇ ಒಣಹಾಕಿದ ರಾಶಿ, ಕಲಘಟಗಿ ಕಡೆ ಕಬ್ಬು ಹೇರಿಕೊಂಡು ಹಳಿಯಾಳಕ್ಕೆ ಹೊರಟ ಟ್ರ್ಯಾಕ್ಟರು. ಈ ಮಾತು ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ. ಸುಮಾರು ಒಂದು ಟನ್ ತೂಗುವ ಕಾರನ್ನು 80ರಿಂದ ಬ್ರೇಕ್ ಒತ್ತಿ ನಿಲ್ಲಿಸಿದರೆ, 60ರಲ್ಲಿ ಒಂದು ಕಿಲೋಮೀಟರ್ ಉರುಳಲು ಬೇಕಾಗುವಷ್ಟು ಶಕ್ತಿ ಬ್ರೇಕಿನ ಬಿಸಿಯಾಗಿ ಹೋಗುತ್ತದೆ. 60ರಿಂದ ನಿಲ್ಲಿಸಿದರೆ ನಷ್ಟ ಅದರ ಅರ್ಧಕ್ಕೆ ಸ್ವಲ್ಪ ಮೇಲೆ. ಹಂಪಿನಿಂದ ಹಂಪಿಗೆ ಹಾರಿಸಿಕೊಂಡು ಹೋಗುವವರು ಎಣ್ಣೆಯನ್ನೂ ಸುಡುತ್ತಾರೆ, ಲೆಕ್ಕದಲ್ಲಿ ಕಂಡ ಒಂಬತ್ತು ನಿಮಿಷವನ್ನೂ ಪಡೆಯುವುದಿಲ್ಲ.

ಇದೇನು ಜಿಪುಣರ ಲೆಕ್ಕವಲ್ಲ. ಹುಬ್ಬಳ್ಳಿಯಲ್ಲೇ ಕೇಂದ್ರ ಕಚೇರಿ ಇರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಡಿಪೋಗಳಲ್ಲಿ ‘ಕೆಎಂಪಿಎಲ್’ ಎಂಬ ಮಾತು ಕೇಳದ ಚಾಲಕರಿಲ್ಲ. ಬಸ್ಸು ಲೀಟರಿಗೆ ಎಷ್ಟು ಓಡಿತು ಎಂಬುದರ ಲೆಕ್ಕ ಅಲ್ಲಿ ನಿತ್ಯದ ಕೆಲಸ. ದೇಶಗಳೂ ಎಣ್ಣೆ ಉಳಿಸಲು ಇದೇ ದಾರಿ ಹಿಡಿದದ್ದುಂಟು. 1973ರ ತೈಲ ಬಿಕ್ಕಟ್ಟಿನ ಬೆನ್ನಲ್ಲೇ, 1974ರಲ್ಲಿ ಅಮೆರಿಕ ಹೆದ್ದಾರಿಗಳ ಮಿತಿಯನ್ನು ಗಂಟೆಗೆ 55 ಮೈಲಿಗೆ, ಅಂದರೆ ಸುಮಾರು 88 ಕಿಲೋಮೀಟರಿಗೆ ಇಳಿಸಿತ್ತು. ಸ್ಪೇನ್ 2011ರಲ್ಲಿ ಕೆಲವು ತಿಂಗಳು 120ರ ಮಿತಿಯನ್ನು 110 ಮಾಡಿ ನೋಡಿತು. ಜನ ಬೇಸರಪಟ್ಟರು, ಮಿತಿಗಳು ಮತ್ತೆ ಏರಿದವು. ಮೇಲಿನಿಂದ ಹೇರಿದ ಮಿತಿ ಬಾಳಲಿಲ್ಲ. ತಮ್ಮ ಚೀಟಿ ತಾವೇ ಕೂಡಿಸಿ ನೋಡಿದವರು ಇಳಿಸಿದ ವೇಗ ಬಾಳುತ್ತದೆ ಎಂಬುದು ನನ್ನ ನಂಬಿಕೆ. ಅಂದಹಾಗೆ, ವಿಭಜಕವಿಲ್ಲದ ರಸ್ತೆಗಳಲ್ಲಿ ಕಾರಿಗೆ 2018ರ ಕೇಂದ್ರ ಅಧಿಸೂಚನೆ ಹಾಕಿದ ಗರಿಷ್ಠ ಮಿತಿಯೇ 70. ಕಾನೂನು ಕೇಳುವ ವೇಗಕ್ಕೂ ಜೇಬು ಕೇಳುವ ವೇಗಕ್ಕೂ ಹೆಚ್ಚು ಅಂತರವಿಲ್ಲ.

ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ವರ್ಷಕ್ಕೆ 250 ದಿನ ಕಾರಿನಲ್ಲಿ ನೌಕರಿಗೆ ಹೋಗಿಬರುವವರನ್ನು ತೆಗೆದುಕೊಳ್ಳಿ. ಮೇಲಿನ ಅಂಕಿಗಳಲ್ಲೇ ಅವರು 80ರ ಬದಲು 60ರಲ್ಲಿ ಹೋದರೆ ವರ್ಷಕ್ಕೆ ಸುಮಾರು 159 ಲೀಟರ್, ಅಂದರೆ 15,900 ರೂಪಾಯಿ ಉಳಿಯುತ್ತದೆ. 75 ತಾಸು ಹೆಚ್ಚು ದಾರಿಯಲ್ಲಿ ಕಳೆಯಬೇಕಾಗುತ್ತದೆ. ಅದು ಬೇಡವೆನಿಸಿದರೆ 80ರಲ್ಲೇ ಹೋಗಲಿ, ತಕರಾರಿಲ್ಲ. ಆದರೆ 80ರಿಂದ 100ಕ್ಕೆ ಏರಿಸುವವರು 45 ತಾಸಿಗೆ 22,700 ರೂಪಾಯಿ ಕೊಡುತ್ತಾರೆ. ನನ್ನ ತೀರ್ಮಾನದಲ್ಲಿ ಅದು ದುಬಾರಿ ವ್ಯಾಪಾರ. ಮುಂದಿನ ಎರಡು ಟ್ಯಾಂಕ್ ಎಣ್ಣೆಯನ್ನು ಎರಡು ಬೇರೆ ವೇಗದಲ್ಲಿ ಓಡಿಸಿ, ಚೀಟಿ ಇಟ್ಟುಕೊಂಡು, ನಿಮ್ಮ ತಾಸಿನ ದರ ನೀವೇ ಕಟ್ಟಿ ನೋಡಿ.