ಟಾಕೋ ಸೂಪ್ ಕೆನೆಕೆನೆಯಾಗಿ ಬರಬೇಕೆ?

ಟಾಕೋ ಸೂಪ್ ಟೆಕ್ಸಸ್ ಮನೆಗಳ ಚಳಿಗಾಲದ ಅಡುಗೆ. ಖೀಮಾ, ಬೀನ್ಸ್, ಸ್ವೀಟ್ ಕಾರ್ನ್, ಟೊಮೆಟೊ, ಟಾಕೋ ಮಸಾಲೆ ಎಲ್ಲವೂ ಒಂದೇ ಪಾತ್ರೆಗೆ ಇಳಿಯುತ್ತವೆ. ಡಬ್ಬಿಗಳನ್ನು ತೆರೆದು ಸುರಿದು ಕುದಿಸಿದರೂ ಹೊಟ್ಟೆ ತುಂಬುತ್ತದೆ, ನಿಜ. ಆದರೆ ಅದೇ ಸಾಮಾನಿನಿಂದ ಬೆರಳು ಚೀಪುವಂಥ ಸೂಪ್ ಬರಬೇಕಾದರೆ ಯಾವುದನ್ನು ಯಾವಾಗ ಹಾಕುತ್ತೀರಿ ಎಂಬುದೇ ಮುಖ್ಯ.

1. ಖೀಮಾ ಬೇಯುವುದಷ್ಟೇ ಸಾಲದು, ಕೆಂಪಗಾಗಲಿ. ಆರು ಜನರಿಗೆ ಅರ್ಧ ಕೆಜಿ ಬೀಫ್ ಅಥವಾ ಚಿಕನ್ ಖೀಮಾ ಸಾಕು. ದಪ್ಪ ತಳದ ಅಗಲ ಪಾತ್ರೆ ಚೆನ್ನಾಗಿ ಕಾದ ಮೇಲೆ ಹಾಕಿ, ಎರಡು ಮೂರು ನಿಮಿಷ ಕೈಯಾಡಿಸದೆ ಬಿಡಿ. ನೀರು ಇಂಗಿ ಅಡಿ ಕಂದುಬಣ್ಣಕ್ಕೆ ತಿರುಗಿದಾಗ ಸೌಟಿನಿಂದ ಪುಡಿಮಾಡಿ. ತಳಕ್ಕೆ ಹಿಡಿದ ಕಂದು ಪದರವನ್ನು ಬಿಸಾಡಬೇಡಿ. ಟೊಮೆಟೊ ಬಿದ್ದಾಗ ಕೆರೆದು ಬೆರೆಸಿ. ಮಾಂಸ ತಿನ್ನದವರು ಅಣಬೆಯನ್ನು ಸಣ್ಣಗೆ ಹೆಚ್ಚಿ ಹೀಗೆಯೇ ಹುರಿಯಬಹುದು.

2. ಮಸಾಲೆ ಎಣ್ಣೆಗೆ ಬೀಳಬೇಕು, ನೀರಿಗಲ್ಲ. ಈರುಳ್ಳಿ, ಬೆಳ್ಳುಳ್ಳಿ ಮೆತ್ತಗಾದ ಮೇಲೆ ಉರಿ ತಗ್ಗಿಸಿ ಪುಡಿಗಳನ್ನು ಹಾಕಿ. ಅರ್ಧ ನಿಮಿಷ ಸಾಕು, ಘಮ ಬಂದ ಕೂಡಲೇ ಟೊಮೆಟೊ ಸುರಿಯಿರಿ. ತಡವಾದರೆ ಜೀರಿಗೆ ಕಹಿಯಾಗುತ್ತದೆ.

3. ಚಿಲಿ ಪೌಡರ್ ಎಂದರೆ ಯಾವುದೆಂದು ನೋಡಿಕೊಳ್ಳಿ. ಈ ಸೂಪ್ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಜರ್ಮನಿಯಿಂದ ಟೆಕ್ಸಸ್‌ಗೆ ಬಂದ ವಿಲಿಯಂ ಗೆಬ್‌ಹಾರ್ಟ್ 1890ರ ದಶಕದಲ್ಲಿ ಮಾರಾಟಕ್ಕಿಳಿಸಿದ ಚಿಲಿ ಪೌಡರ್ ಬರೀ ಮೆಣಸಿನಕಾಯಿ ಅಲ್ಲ, ಮಿಶ್ರ ಮಸಾಲೆ. ಇಂದಿಗೂ ಅಮೆರಿಕದ ಅಂಗಡಿಯ ಚಿಲಿ ಪೌಡರ್‌ನಲ್ಲಿ ಸಾಮಾನ್ಯವಾಗಿ ಜೀರಿಗೆ, ಒರೆಗಾನೊ, ಬೆಳ್ಳುಳ್ಳಿ ಪುಡಿ ಸೇರಿರುತ್ತವೆ. ಅಲ್ಲಿನ ಪಾಕವಿಧಾನದಲ್ಲಿ ಎರಡು ದೊಡ್ಡ ಚಮಚ ಎಂದಿದೆಯೆಂದು ನಮ್ಮ ಗುಂಟೂರು ಖಾರದಪುಡಿಯನ್ನು ಅಷ್ಟೇ ಹಾಕಿದರೆ ಬಾಯಿಗಿಡಲಾಗದು. ಮನೆಯಲ್ಲೇ ಬೆರೆಸುವುದಾದರೆ ಎರಡು ಚಿಕ್ಕ ಚಮಚ ಬ್ಯಾಡಗಿ ಪುಡಿ, ಎರಡು ಚಮಚ ಜೀರಿಗೆ ಪುಡಿ, ಒಂದು ಚಮಚ ಒಣ ಒರೆಗಾನೊ, ಅರ್ಧ ಚಮಚ ಧನಿಯಾ ಪುಡಿ, ಚಿಟಿಕೆ ಕಾಳುಮೆಣಸು. ಬಣ್ಣ ಗಾಢ, ಖಾರ ಮಿತ: ಈ ಸೂಪಿಗೆ ಬ್ಯಾಡಗಿಯಷ್ಟು ಒಗ್ಗುವ ಮೆಣಸಿನಕಾಯಿ ನಮ್ಮಲ್ಲಿ ಬೇರೊಂದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

4. ಹಸಿ ರಾಜ್ಮಾವನ್ನು ನೇರವಾಗಿ ಸ್ಲೋ ಕುಕ್ಕರ್‌ಗೆ ಹಾಕಲೇಬೇಡಿ. ಅದರಲ್ಲಿರುವ ಲೆಕ್ಟಿನ್ ಎಂಬ ವಿಷಕಾರಿ ಅಂಶ ಮಂದ ಬಿಸಿಯಲ್ಲಿ ನಾಶವಾಗದು. ವಾಂತಿ, ಭೇದಿ ಖಂಡಿತ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಿ, ಆಮೇಲೆ ಮೆತ್ತಗಾಗುವವರೆಗೆ ಬೇಯಿಸಿ. ಪ್ರೆಶರ್ ಕುಕ್ಕರ್ ಇದ್ದರೆ ಇನ್ನೂ ಸುಲಭ. ಡಬ್ಬಿಯ ಬೀನ್ಸ್ ಮೊದಲೇ ಬೆಂದಿರುತ್ತವೆ, ತೊಳೆದರೆ ಸಾಕು.

5. ದಪ್ಪಕ್ಕೆ ಕ್ರೀಮ್ ಸುರಿಯಬೇಡಿ. ಬೆಂದ ಎರಡು ಕಪ್ ಬೀನ್ಸ್‌ನಲ್ಲಿ ಅರ್ಧ ಕಪ್ ಹಿಸುಕಿ ಹಾಕಿದರೆ ಸೂಪಿಗೆ ಮೈ ಬರುತ್ತದೆ. ಮಾಸಾ ಹರೀನಾ, ಅಂದರೆ ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳದ ಹಿಟ್ಟು, ಸಿಕ್ಕರೆ ಎರಡು ಚಮಚವನ್ನು ತಣ್ಣೀರಿನಲ್ಲಿ ಕದಡಿ ಹಾಕಿ ಹತ್ತು ನಿಮಿಷ ಕುದಿಸಿ. ಟೋರ್ಟಿಯಾದ ವಾಸನೆಯೇ ಸೂಪಿಗೆ ಇಳಿಯುತ್ತದೆ. ಬಿಳಿ ಕಾರ್ನ್‌ಫ್ಲೋರ್‌ನಿಂದ ಅದು ಬಾರದು.

6. ಚೀಸ್ ಕೊನೆಗೆ, ಉರಿ ಆರಿಸಿದ ಮೇಲೆ. ಟೊಮೆಟೊದ ಹುಳಿಯೂ ಬಿಸಿಯೂ ಸೇರಿದರೆ ಹಾಲಿನ ಪ್ರೋಟೀನು ಗಂಟುಕಟ್ಟಿ ನೀರು ಬೇರೆಯಾಗುತ್ತದೆ. ಪನೀರ್ ಮಾಡುವಾಗ ಬೇಕಾದದ್ದು ಅದೇ, ಇಲ್ಲಿ ಬೇಡ. ಸುಮಾರು 200 ಗ್ರಾಂ ಕ್ರೀಮ್ ಚೀಸನ್ನು ಗಂಟೆ ಮೊದಲೇ ಫ್ರಿಜ್‌ನಿಂದ ತೆಗೆದು ತುಂಡರಿಸಿಡಿ. ಬಟ್ಟಲಿಗೆ ಹಾಕಿ, ಒಂದೊಂದೇ ಸೌಟು ಬಿಸಿ ಸೂಪ್ ಬೆರೆಸಿ ನುಣ್ಣಗೆ ಕದಡಿ, ಆಮೇಲೆ ಪಾತ್ರೆಗೆ ಸುರಿಯಿರಿ. ಮತ್ತೆ ಕುದಿಸಬೇಡಿ. ಕ್ರೀಮ್ ಬಳಸುವುದಾದರೆ ಕೊಬ್ಬು ಹೆಚ್ಚಿರುವುದೇ ಇರಲಿ, ಅದು ಸುಲಭಕ್ಕೆ ಒಡೆಯದು. ತೆಳು ಹಾಲು ಬೇಡವೇ ಬೇಡ. ತುರಿದ ಚೀಸಿನ ಪ್ಯಾಕೆಟ್ಟಿಗಿಂತ ಗಟ್ಟಿ ತಂದು ತುರಿದುಕೊಳ್ಳುವುದು ಮೇಲು. ಪ್ಯಾಕೆಟ್ಟಿನ ತುರಿ ಅಂಟದಿರಲೆಂದು ಹಾಕಿದ ಪುಡಿಯಿಂದ ಸೂಪ್ ತರಿತರಿಯಾಗುತ್ತದೆ.

7. ಉಪ್ಪು ಎಲ್ಲಕ್ಕಿಂತ ಕೊನೆಗೆ. ಮಸಾಲೆ ಪ್ಯಾಕೆಟ್, ಡಬ್ಬಿ ಬೀನ್ಸ್, ಸ್ಟಾಕ್, ಚೀಸ್ ಎಲ್ಲದರಲ್ಲೂ ಉಪ್ಪಿದೆ.

8. ಮೇಲೆ ಹಾಕುವುದನ್ನು ಅವರವರ ಬಟ್ಟಲಿಗೇ ಬಿಡಿ. ಪುಡಿಮಾಡಿದ ಟೋರ್ಟಿಯಾ ಚಿಪ್ಸ್, ಬೆಣ್ಣೆಹಣ್ಣು, ಕೊತ್ತಂಬರಿ ಸೊಪ್ಪು ಇರಲಿ. ನಿಂಬೆರಸ ಮಾತ್ರ ತಪ್ಪಿಸಬೇಡಿ, ಕೆನೆಯ ಜಿಡ್ಡನ್ನು ಅದು ತಿಳಿಗೊಳಿಸುತ್ತದೆ.

9. ಫ್ರೀಜರ್‌ಗೆ ಎತ್ತಿಡುವ ಪಾಲನ್ನು ಚೀಸ್ ಹಾಕುವ ಮೊದಲೇ ತೆಗೆದಿಡಿ. ಬೇಕಾದ ದಿನ ಬಿಸಿಮಾಡಿ, ಆಗಲೇ ಚೀಸ್ ಬೆರೆಸಿಕೊಳ್ಳಿ.