ಕರುಳಿನ ದೀರ್ಘವ್ಯಾಧಿಯ ಮಕ್ಕಳಿಗೆ ಲಸಿಕೆ: ಔಷಧಕ್ಕೆ ಮೊದಲು ಮಾಡಬೇಕಾದ ಕಾರ್ಯ

ತಿಂಗಳುಗಟ್ಟಲೆ ಹೊಟ್ಟೆನೋವು, ರಕ್ತಮಿಶ್ರಿತ ಭೇದಿ, ಇಳಿಯುತ್ತಲೇ ಹೋಗುವ ತೂಕ ಇವುಗಳಿಂದ ಬಳಲಿದ ಮಗುವಿಗೆ, ಕರುಳಿನ ಕ್ಷಯವೆಂಬ ಸಂಶಯವೂ ನಿವಾರಣೆಯಾದ ಮೇಲೆ, ಕ್ರೋನ್ಸ್ ಅಥವಾ ಅಲ್ಸರೇಟಿವ್ ಕೊಲೈಟಿಸ್ ಎಂಬ ವ್ಯಾಧಿಯಿದೆಯೆಂದು ನಿರ್ಣಯವಾದಾಗ, ತಂದೆತಾಯಿಗಳ ಚಿತ್ತವೆಲ್ಲ ಪಥ್ಯ, ಔಷಧ, ಶಾಲೆಗಳ ಚಿಂತೆಯಲ್ಲಿ ಮುಳುಗಿ, ಲಸಿಕೆಯ ಮಾತು ಯಾರ ನೆನಪಿಗೂ ಬಾರದಿರುವುದು ಸಹಜ. ಆದರೆ ಆ ನಿರ್ಣಯಕ್ಕೂ ಪ್ರಬಲವಾದ ಔಷಧದ ಆರಂಭಕ್ಕೂ ನಡುವೆ ದೊರೆಯುವ ಅಲ್ಪಾವಧಿಯೇ ಅತ್ಯಮೂಲ್ಯವಾದುದು. ಅದು ಕೈತಪ್ಪಿದರೆ ಕೆಲವು ಲಸಿಕೆಗಳಿಗೆ ವರ್ಷಗಟ್ಟಲೆ ಅವಕಾಶವೇ ಒದಗದೆ ಹೋಗಬಹುದು.

ಪ್ರೆಡ್ನಿಸೊಲೋನ್, ಅಜಾಥಯೋಪ್ರಿನ್, ಮೆಥೊಟ್ರೆಕ್ಸೇಟ್, ಇನ್‌ಫ್ಲಿಕ್ಸಿಮಾಬ್, ಅಡಾಲಿಮುಮಾಬ್ ಮೊದಲಾದ ಔಷಧಗಳು ಕರುಳಿನ ಉರಿಯೂತವನ್ನು ಶಮನಗೊಳಿಸುವುದರ ಜೊತೆಗೆ ದೇಹದ ರಕ್ಷಣಾಶಕ್ತಿಯನ್ನೂ ಕುಗ್ಗಿಸುತ್ತವೆ. ಮೆಸಲಮೈನ್ ಒಂದನ್ನೇ ಸೇವಿಸುವ ಮಗುವಿಗೆ ಮಾತ್ರ ಈ ಭಯವಿಲ್ಲ. 2022ರ ನವೆಂಬರಿನಲ್ಲಿ ಗೋವಂಡಿಯ ಇಕ್ಕಟ್ಟಿನ ವಸತಿಗಳಲ್ಲಿ ದಡಾರ ಹಬ್ಬಿ, ಚಿಂಚ್‌ಪೋಕಳಿಯ ಕಸ್ತೂರ್ಬಾ ಆಸ್ಪತ್ರೆಯ ವಾರ್ಡುಗಳು ಎಳೆಯ ಮಕ್ಕಳಿಂದ ತುಂಬಿದುದನ್ನು ಕಂಡ ನಗರ ನಮ್ಮ ಮುಂಬಯಿ. ಮಕ್ಕಳನ್ನು ಬಲಿ ತೆಗೆದುಕೊಂಡ ಆ ವೈರಾಣು, ರಕ್ಷಣೆ ಕುಗ್ಗಿದ ಮಗುವನ್ನು ಹೇಗೆ ಕಾಡೀತೆಂಬುದನ್ನು ವಿವರಿಸಬೇಕಾಗಿಲ್ಲ.

ಮೊದಲನೆಯ ಕಾರ್ಯ, ಲಸಿಕೆಯ ಕಾರ್ಡನ್ನು ಹುಡುಕಿ ತೆಗೆಯುವುದು. ಇಲ್ಲಿನ ನಮ್ಮ ಅನೇಕ ಕನ್ನಡ ಕುಟುಂಬಗಳಲ್ಲಿ ಹೆರಿಗೆಯು ಕುಂದಾಪುರದಲ್ಲೋ ವಿಜಯಪುರದಲ್ಲೋ ತವರಿನಲ್ಲಿ ಆಗಿ, ತಾಯಿ ಕಾರ್ಡು ಅಜ್ಜಿಯ ಕಪಾಟಿನಲ್ಲಿಯೇ ಉಳಿದು, ಮುಂದಿನ ಚುಚ್ಚುಮದ್ದುಗಳು ಡೊಂಬಿವಲಿಯ ಬೇರೊಂದು ಪುಸ್ತಕದಲ್ಲಿ ದಾಖಲಾಗಿರುತ್ತವೆ. ಊರಿಗೆ ಫೋನು ಮಾಡಿ ಕಾರ್ಡಿನ ಪ್ರತಿಯೊಂದು ಪುಟದ ಚಿತ್ರವನ್ನೂ ತರಿಸಿಕೊಳ್ಳಬೇಕು. ದಡಾರ-ರುಬೆಲ್ಲಾ ಲಸಿಕೆಯಾದ ಎಂಆರ್‌ನ ಎರಡು ಮನೆಗಳಲ್ಲಿಯೂ ತಾರೀಖು ಇದೆಯೇ, ಹೆಪಟೈಟಿಸ್ ಬಿ ಪೂರ್ಣವಾಗಿದೆಯೇ ಎಂದು ನೋಡಬೇಕು. ‘ಕೊಡಿಸಿದ ನೆನಪು’ ದಾಖಲೆಯಾಗದು. ಅನಂತರ ಹೆಪಟೈಟಿಸ್ ಬಿ ಸೋಂಕಿನ ಪರೀಕ್ಷೆಯನ್ನೂ, ಅದರ ಮತ್ತು ಚಿಕನ್‌ಪಾಕ್ಸಿನ ಪ್ರತಿಕಾಯಗಳ ಪರೀಕ್ಷೆಯನ್ನೂ ಮಾಡಿಸುವಂತೆ ವೈದ್ಯರನ್ನು ಕೇಳಬೇಕು. ಹೆಪಟೈಟಿಸ್ ಬಿ ಪ್ರತಿಕಾಯದ ಅಂಕ 10ಕ್ಕಿಂತ ಕಡಿಮೆಯಿದ್ದರೆ ಲಸಿಕೆ ಮತ್ತೆ ಬೇಕಾಗುತ್ತದೆ.

ಎರಡನೆಯದಾಗಿ, ಲಸಿಕೆಗಳಲ್ಲಿ ಎರಡು ಬಗೆಯೆಂಬುದನ್ನು ತಿಳಿದಿರಬೇಕು. ಹೆಪಟೈಟಿಸ್ ಬಿ, ಚುಚ್ಚುಮದ್ದಿನ ಪೋಲಿಯೊ, ಚುಚ್ಚುಮದ್ದಿನ ಫ್ಲೂ, ಎಚ್‌ಪಿವಿ ಇವು ನಿರ್ಜೀವ ಲಸಿಕೆಗಳು. ಔಷಧ ನಡೆಯುತ್ತಿರುವಾಗಲೂ ಇವನ್ನು ನಿರ್ಭಯವಾಗಿ ಕೊಡಿಸಬಹುದು, ಮೊದಲೇ ಕೊಡಿಸಿದರೆ ಫಲ ಹೆಚ್ಚು. ಇವುಗಳಿಂದ ಕರುಳಿನ ರೋಗ ಕೆರಳುವುದೆಂಬ ಅಂಜಿಕೆಗೆ ಆಧಾರವಿಲ್ಲ. ಎಂಎಂಆರ್, ಚಿಕನ್‌ಪಾಕ್ಸ್, ಬಾಯಿಯ ಪೋಲಿಯೊ ಹನಿ, ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆ ಇವು ಸಜೀವವಾದುವು. ಹೆಪಟೈಟಿಸ್ ಎ ನಮ್ಮ ಪೇಟೆಯಲ್ಲಿ ಎರಡೂ ರೂಪಗಳಲ್ಲಿ ದೊರೆಯುವುದರಿಂದ, ಆರು ತಿಂಗಳ ಅಂತರದಲ್ಲಿ ಎರಡು ಬಾರಿ ಕೊಡುವ ನಿರ್ಜೀವ ಲಸಿಕೆಯೇ ಬೇಕೆಂದು ಸ್ಪಷ್ಟವಾಗಿ ಕೇಳಿ ಪಡೆಯತಕ್ಕದ್ದು.

ಸಜೀವ ಲಸಿಕೆಯನ್ನು ಪ್ರಬಲ ಔಷಧ ಆರಂಭವಾಗುವುದಕ್ಕೆ ಕನಿಷ್ಠ ನಾಲ್ಕು ವಾರ ಮೊದಲೇ ಮುಗಿಸಬೇಕು. ಎಂಎಂಆರ್ ಮತ್ತು ಚಿಕನ್‌ಪಾಕ್ಸ್ ಲಸಿಕೆಗಳನ್ನು ಒಂದೇ ದಿನ ಕೊಡಬಹುದು. ತಪ್ಪಿದರೆ ನಡುವೆ 28 ದಿನ ಬಿಡಬೇಕು. ಆದರೆ ರಕ್ತಸ್ರಾವದಿಂದ ಮಗು ಬಸವಳಿದಿರುವಾಗ ಲಸಿಕೆಗಾಗಿ ಚಿಕಿತ್ಸೆಯನ್ನು ಮುಂದೂಡಬಾರದು. ಅಲ್ಲಿ ಚಿಕಿತ್ಸೆಯೇ ಮೊದಲು. ದಿನಕ್ಕೆ ಕನಿಷ್ಠ 20 ಮಿಲಿಗ್ರಾಂ ಅಥವಾ ತೂಕದ ಪ್ರತಿ ಕಿಲೋಗೆ 2 ಮಿಲಿಗ್ರಾಂ ಪ್ರಮಾಣದ ಪ್ರೆಡ್ನಿಸೊಲೋನನ್ನು 14 ದಿನ ಇಲ್ಲವೆ ಅದಕ್ಕೂ ಹೆಚ್ಚು ಕಾಲ ಪಡೆದ ಮಗುವಿಗೆ, ಅದು ನಿಂತು ಒಂದು ತಿಂಗಳಾದರೂ ಕಳೆಯುವವರೆಗೆ ಸಜೀವ ಲಸಿಕೆ ಕೂಡದು. ಇನ್‌ಫ್ಲಿಕ್ಸಿಮಾಬಿನಂಥವುಗಳ ನಂತರ ಕನಿಷ್ಠ ಮೂರು ತಿಂಗಳು. ಆರು ವರ್ಷದೊಳಗೇ ವ್ಯಾಧಿ ಕಾಣಿಸಿಕೊಂಡಿದ್ದರೆ ಅದರ ಮೂಲದಲ್ಲಿ ಜನ್ಮಜಾತವಾದ ರಕ್ಷಣಾದೋಷವಿರಬಹುದಾದ್ದರಿಂದ, ಆ ಪರೀಕ್ಷೆ ಮುಗಿಯುವವರೆಗೆ ಸಜೀವ ಲಸಿಕೆಯನ್ನು ಮುಟ್ಟಲೇಬಾರದು. ಕೆಇಎಂ ಆಸ್ಪತ್ರೆಯ ಆವರಣದಲ್ಲಿರುವ ರಾಷ್ಟ್ರೀಯ ಇಮ್ಯುನೋಹೆಮಟಾಲಜಿ ಸಂಸ್ಥೆಯಲ್ಲಿ ಇಂಥ ದೋಷಗಳ ತಪಾಸಣೆ ನಡೆಯುತ್ತದೆ.

ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ಉಪೇಕ್ಷೆಗೊಳಗಾಗುವ ಸಂಗತಿ ಮುಂದಿನದು. ಕರುಳಿನ ತಜ್ಞರು ಲಸಿಕೆಯನ್ನು ಮಕ್ಕಳ ವೈದ್ಯರು ನೋಡಿಕೊಳ್ಳುವರೆಂದೂ, ಮಕ್ಕಳ ವೈದ್ಯರು ತಜ್ಞರ ಅಪ್ಪಣೆಯಿಲ್ಲದೆ ಸೂಜಿ ಹಿಡಿಯಬಾರದೆಂದೂ ಭಾವಿಸಿ, ಇಬ್ಬರ ನಡುವೆ ಮಗು ರಕ್ಷಣೆಯಿಲ್ಲದೆ ಉಳಿಯುತ್ತದೆ. ಆದ್ದರಿಂದ ತಜ್ಞರಿಂದ ಔಷಧದ ಹೆಸರು, ಪ್ರಮಾಣ, ಆರಂಭಿಸಿದ ತಾರೀಖು, ‘ಸಜೀವ ಲಸಿಕೆ ಬೇಡ’ ಎಂಬ ಸೂಚನೆ ಇಷ್ಟನ್ನು ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಬರೆಸಿ, ಸಹಿ ಹಾಕಿಸಿ, ಕಾರ್ಡಿಗೆ ಪಿನ್ನು ಹೊಡೆದಿಡಬೇಕು. ಪಲ್ಸ್ ಪೋಲಿಯೊ ದಿನ ಸ್ಟೇಷನ್ನಿನ ಬಳಿ ಹನಿ ಹಾಕಿ ಕಿರುಬೆರಳಿಗೆ ಮಸಿ ಹಚ್ಚುವ ಕಾರ್ಯಕರ್ತೆಗೂ, ದಡಾರದ ಹೆಚ್ಚುವರಿ ಡೋಸಿಗಾಗಿ ಮನೆಗೆ ಬರುವ ಆರೋಗ್ಯಸೇವಿಕೆಗೂ ಆ ಚೀಟಿಯೇ ಉತ್ತರ. ಒಡಹುಟ್ಟಿದವರಿಗೂ ಹನಿಯ ಬದಲು ಪೋಲಿಯೊ ಚುಚ್ಚುಮದ್ದನ್ನೇ ಕೊಡಿಸುವ ಬಗ್ಗೆ ವೈದ್ಯರನ್ನು ಕೇಳಬೇಕು. ಹನಿಯ ವೈರಾಣು ಮಲದ ಮೂಲಕ ಹೊರಬೀಳುತ್ತದೆ. ಎಂಎಂಆರ್, ಚಿಕನ್‌ಪಾಕ್ಸ್, ಫ್ಲೂ ಲಸಿಕೆಗಳನ್ನಾದರೋ ಮನೆಯವರೆಲ್ಲರೂ ಪಡೆಯುವುದು ರೋಗಿಗೆ ದೊಡ್ಡ ರಕ್ಷೆ. ಎಂಆರ್ ಪಾಲಿಕೆಯ ಕೇಂದ್ರಗಳಲ್ಲಿ ಉಚಿತ. ಚಿಕನ್‌ಪಾಕ್ಸ್, ಫ್ಲೂಗಳಿಗೆ ಹಣ ತೆರಬೇಕಾಗುತ್ತದೆ.

ಮಳೆಗಾಲದಲ್ಲಿ ಫ್ಲೂ ಏರುವುದರಿಂದಲೂ, ಕಲುಷಿತ ನೀರಿನಿಂದ ಕಾಮಾಲೆ ಹರಡುವುದರಿಂದಲೂ, ಫ್ಲೂ ಲಸಿಕೆಯನ್ನು ಪ್ರತಿವರ್ಷ ಮೇ ತಿಂಗಳೊಳಗೆ, ಹೆಪಟೈಟಿಸ್ ಎ ಲಸಿಕೆಯನ್ನು ಅದಕ್ಕೂ ಮೊದಲೇ ಕೊಡಿಸುವುದು ಸೂಕ್ತ. ಎಚ್‌ಪಿವಿ ಲಸಿಕೆ ಇಂಥ ಮಕ್ಕಳಿಗೆ ಎರಡರ ಬದಲು ಮೂರು ಡೋಸು.

ತರಗತಿಯಲ್ಲಿ ಯಾರಿಗಾದರೂ ಚಿಕನ್‌ಪಾಕ್ಸ್ ಅಥವಾ ದಡಾರ ಬಂದಿತೆಂಬ ಸುದ್ದಿ ತಿಳಿದರೆ, ಮಗುವಿಗೆ ಲಕ್ಷಣ ಕಾಣಲೆಂದು ಕಾಯದೆ ಅಂದೇ ತಜ್ಞರಿಗೆ ತಿಳಿಸಬೇಕು. ರಕ್ಷಣೆಯಿಲ್ಲದ ಮಗುವಿಗೆ ಕೊಡುವ ಸಿದ್ಧಪ್ರತಿಕಾಯದ ಚುಚ್ಚುಮದ್ದು, ಸೋಂಕಿತರ ಸಂಪರ್ಕವಾದಂದಿನಿಂದ ದಡಾರದಲ್ಲಿ ಆರು ದಿನದೊಳಗೆ, ಚಿಕನ್‌ಪಾಕ್ಸಿನಲ್ಲಿ ಸಾಧ್ಯವಾದರೆ 96 ಗಂಟೆಗಳೊಳಗೆ ಬೀಳಬೇಕು. ಪ್ರೆಡ್ನಿಸೊಲೋನಿನಂಥ ಸ್ಟೀರಾಯ್ಡನ್ನು ಮಾತ್ರ ತಾವಾಗಿಯೇ ನಿಲ್ಲಿಸಬಾರದು.